‘ಆ ವಿಷಯ’ಕ್ಕೆ ಯಾವ ಚಿಕಿತ್ಸೆ? ಮಾತ್ರೆ, ಪಂಪು, ಇಂಜೆಕ್ಷನ್, ಆಪರೇಷನ್: ಗಂಡಸರ ಅನುಭವ ಹೇಳೋದೇನು

ಬಸ್ ಸ್ಟ್ಯಾಂಡಿನ ಹಿಂದಿನ ಗೋಡೆ, ರೈಲ್ವೆ ಗೇಟ್ ಪಕ್ಕದ ಕಾಂಪೌಂಡು, ಸಂತೆ ಮೈದಾನದ ಕರೆಂಟ್ ಕಂಬ. ಮೂರೂ ಕಡೆ ಒಂದೇ ಥರದ ಚೀಟಿ: ‘ನರ ದೌರ್ಬಲ್ಯ, ಗುಪ್ತ ಸಮಸ್ಯೆ, ಶೀಘ್ರ ಪರಿಹಾರ’. ಕೆಳಗೊಂದು ಮೊಬೈಲ್ ನಂಬರ್, ಯಾವುದೋ ಲಾಡ್ಜ್ ಹೆಸರು, ತಿಂಗಳಲ್ಲಿ ಒಂದು ದಿನ ಬೆಳಗ್ಗೆ ಹತ್ತರಿಂದ ಎರಡರವರೆಗೆ. ಈ ಚೀಟಿ ಇಷ್ಟು ವರ್ಷದಿಂದ ಗೋಡೆ ಮೇಲೆ ಉಳಿದುಕೊಂಡಿದೆ ಅಂದರೆ ಆ ನಂಬರಿಗೆ ಫೋನ್ ಮಾಡುವವರಿದ್ದಾರೆ ಅಂತಲೇ ಅರ್ಥ. ಪಕ್ಕದ ಬೀದಿಯ ಎಂಬಿಬಿಎಸ್ ಡಾಕ್ಟರ್ ಹತ್ತಿರ ಹೋಗೋಕೆ ನಾಚಿಕೆ. ‘ಕಾಂಪೌಂಡರ್ ನಮ್ಮೂರೋನು, ಗೊತ್ತಾಗಿಬಿಡುತ್ತೆ’ ಎಂಬ ಭಯ. ಗುರುತಿಲ್ಲದವನ ಮುಂದೆ ಬಾಯಿ ಬಿಡೋದು ಸುಲಭ, ದುಡ್ಡು ಎಷ್ಟೇ ಹೋಗಲಿ.

ಸಮಸ್ಯೆಯ ಸರಿಯಾದ ಹೆಸರು ನಿಮಿರು ದೌರ್ಬಲ್ಯ. ಸಂಭೋಗಕ್ಕೆ ಬೇಕಾದಷ್ಟು ಗಡುಸುತನ ಬಾರದಿರುವುದು, ಇಲ್ಲವೇ ಬಂದದ್ದು ನಿಲ್ಲದಿರುವುದು. ಒಂದೆರಡು ದಿನ ಹೀಗಾದರೆ ಅದು ಕಾಯಿಲೆಯಲ್ಲ. ಸುಸ್ತು, ಜಗಳ, ಕುಡಿತ, ನಿದ್ದೆಗೇಡು ಯಾವುದರಿಂದಲೂ ಆಗಬಹುದು. ಮೂರು ತಿಂಗಳಿಗೂ ಹೆಚ್ಚು ಕಾಲ ಪದೇ ಪದೇ ಹೀಗೇ ಆಗುತ್ತಿದ್ದರೆ ತೋರಿಸಬೇಕು. ಶೀಘ್ರಸ್ಖಲನ ಬೇರೆ, ಬಂಜೆತನ ಬೇರೆ, ಇದು ಬೇರೆ. ಗೋಡೆ ಚೀಟಿ ಮಾತ್ರ ಮೂರನ್ನೂ ಒಂದೇ ಡಬ್ಬಿಯ ಪುಡಿಯಲ್ಲಿ ವಾಸಿ ಮಾಡುತ್ತೆ!

ಎಷ್ಟು ಜನಕ್ಕಿದೆ ಅಂದರೆ, ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ 40ರಿಂದ 70 ವರ್ಷದ ಗಂಡಸರನ್ನು ಕೇಳಿ 1994ರಲ್ಲಿ ಪ್ರಕಟಿಸಿದ ಪ್ರಸಿದ್ಧ ಸಮೀಕ್ಷೆಯಲ್ಲಿ ಶೇ 52ರಷ್ಟು ಮಂದಿ ಸ್ವಲ್ಪವೋ ಹೆಚ್ಚೋ ತೊಂದರೆ ಇದೆ ಅಂದಿದ್ದರು. ನಮ್ಮಲ್ಲಿ ಶುಗರ್ ಕಾಯಿಲೆ ಇರುವವರೇ 10 ಕೋಟಿ ದಾಟಿದ್ದಾರೆ ಎಂದು ಐಸಿಎಂಆರ್ ಅಧ್ಯಯನ 2023ರಲ್ಲಿ ಹೇಳಿತು. ಶುಗರ್ ಮತ್ತು ಈ ಸಮಸ್ಯೆ ಒಂದೇ ಮನೆಯ ಅಣ್ಣತಮ್ಮಂದಿರು. ಬೆಳಗ್ಗೆ ಎಂಟಕ್ಕೆ ಷಟರ್ ಎತ್ತಿ ರಾತ್ರಿ ಹತ್ತರವರೆಗೆ ಗಲ್ಲಾದ ಮುಂದೆ ಕೂತವರಿಗೆ, ಊಟಕ್ಕೆ ಹೊತ್ತುಗೊತ್ತಿಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲು ಹೃದಯದ ಮಾತು

ಕೆರೆ ತೂಬು ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತೆ. ಮನಸ್ಸಿನಲ್ಲಿ ಆಸೆ ಹುಟ್ಟಿದಾಗ ಶಿಶ್ನದ ನರಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತವೆ. ಅದರಿಂದ ರಕ್ತನಾಳದ ಸುತ್ತಲಿನ ಸ್ನಾಯು ಸಡಿಲವಾಗುತ್ತೆ, ತೂಬು ತೆರೆದಂತೆ ರಕ್ತ ನುಗ್ಗುತ್ತೆ. ತುಂಬಿದ ರಕ್ತದ ಒತ್ತಡಕ್ಕೆ ಹೊರಹೋಗುವ ನಾಳಗಳು ಅಮುಕಿಕೊಂಡು ರಕ್ತ ಒಳಗೇ ನಿಲ್ಲುತ್ತೆ. ಅಂದರೆ ನರ, ನಾಳ, ಹಾರ್ಮೋನು, ಮನಸ್ಸು ನಾಲ್ಕೂ ಸರಿಯಿರಬೇಕು. ಶುಗರ್ ನರ ಮತ್ತು ನಾಳ ಎರಡನ್ನೂ ಕೆಡಿಸುತ್ತೆ. ಬೀಡಿ, ಸಿಗರೇಟು, ಗುಟ್ಕಾ ನಾಳವನ್ನು ಸಣ್ಣ ಮಾಡುತ್ತವೆ. ಬಿಪಿಯಿಂದಲೂ ಆಗುತ್ತೆ, ಬಿಪಿಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಆಗುತ್ತೆ, ಖಿನ್ನತೆಯ ಮಾತ್ರೆಗಳಿಂದಲೂ ಆಗುತ್ತೆ. (ಹಾಗಂತ ಬಿಪಿ ಮಾತ್ರೆಯನ್ನು ತಾವಾಗೇ ನಿಲ್ಲಿಸೋದು ಬೇಡ. ಡಾಕ್ಟರಿಗೆ ಹೇಳಿದರೆ ಬೇರೆ ಮಾತ್ರೆಗೆ ಬದಲಾಯಿಸಬಹುದು.)

ಶಿಶ್ನದ ರಕ್ತನಾಳದ ಅಗಲ ಒಂದೆರಡು ಮಿಲಿಮೀಟರ್. ಹೃದಯದ ನಾಳ ಮೂರು ನಾಲ್ಕು ಮಿಲಿಮೀಟರ್. ಕೊಬ್ಬು ಕಟ್ಟಿಕೊಳ್ಳುವಾಗ ಸಣ್ಣ ಪೈಪು ಮೊದಲು ಕಟ್ಟುತ್ತೆ. ಆದ್ದರಿಂದ 40–50ರ ಆಸುಪಾಸಿನಲ್ಲಿ ಹೊಸದಾಗಿ ಈ ತೊಂದರೆ ಶುರುವಾದವರಲ್ಲಿ ಕೆಲವರಿಗೆ ಎರಡರಿಂದ ಐದು ವರ್ಷದೊಳಗೆ ಎದೆನೋವು ಅಥವಾ ಹಾರ್ಟ್ ಅಟ್ಯಾಕ್ ಬರುವುದನ್ನು ವೈದ್ಯರು ಕಂಡಿದ್ದಾರೆ. ಹಾಸಿಗೆಯಲ್ಲಿ ಬಂದ ಈ ಎಚ್ಚರಿಕೆಯನ್ನು ಪುಡಿ ತಿಂದು ಮುಚ್ಚಿಕೊಂಡವನು ಕಳೆದುಕೊಳ್ಳುವುದು ಬರೀ ದುಡ್ಡನ್ನಲ್ಲ. ಲಾಡ್ಜಿಗೆ ಬರುವ ‘ಸ್ಪೆಷಲಿಸ್ಟ್’ ಬಿಪಿ ನೋಡುವುದಿಲ್ಲ, ಶುಗರ್ ಕೇಳುವುದಿಲ್ಲ. ಅವರ ಬಗ್ಗೆ ಇರುವ ದೊಡ್ಡ ತಕರಾರು ಇದೇ.

ಮಾತ್ರೆ: ಹೆಚ್ಚು ಜನ ಬಳಸಿದ್ದು, ಹೆಚ್ಚು ಜನ ತಪ್ಪಾಗಿ ಬಳಸಿದ್ದು

ಸಿಲ್ಡೆನಾಫಿಲ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಎದೆನೋವಿನ ಔಷಧಿಯಾಗಿ. ಎದೆನೋವಿಗೆ ಅಷ್ಟಕ್ಕಷ್ಟೇ ಅನ್ನಿಸಿತು, ಪ್ರಯೋಗಕ್ಕೆ ಬಂದ ಗಂಡಸರು ಬೇರೆಯದೇ ಪರಿಣಾಮ ಹೇಳತೊಡಗಿದರು. ಫೈಜರ್ ಕಂಪನಿ ಅದನ್ನೇ ಹಿಡಿದುಕೊಂಡಿತು. 1998ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ವಯಾಗ್ರಾ ಹೆಸರಿನಲ್ಲಿ ಅನುಮತಿ ಸಿಕ್ಕಿತು. ನೈಟ್ರಿಕ್ ಆಕ್ಸೈಡ್ ಸಂಶೋಧನೆಗೆ ವೈದ್ಯಕೀಯ ನೊಬೆಲ್ ಬಂದದ್ದೂ ಅದೇ ವರ್ಷ. ಈಗ ನಮ್ಮ ದೇಶದ ಹತ್ತಾರು ಕಂಪನಿಗಳು ಇದನ್ನೂ, ಟಾಡಾಲಾಫಿಲ್ ಎಂಬ ಇನ್ನೊಂದನ್ನೂ ಮಾಡುತ್ತವೆ. ಬೆಲೆ ದೊಡ್ಡ ಹೊರೆಯಲ್ಲ.

ಕೆಲಸ ಮಾಡುತ್ತಾ? ಮಾಡುತ್ತೆ. 1998ರ ಪ್ರಯೋಗದಲ್ಲಿ ಸಿಲ್ಡೆನಾಫಿಲ್ ತೆಗೆದುಕೊಂಡವರ ಪ್ರಯತ್ನಗಳಲ್ಲಿ ಶೇ 69 ಸಫಲವಾದವು, ಔಷಧಿಯಿಲ್ಲದ ಸುಳ್ಳು ಮಾತ್ರೆ ನುಂಗಿದವರಲ್ಲಿ ಶೇ 22. ಆ 22ನ್ನೂ ಗಮನಿಸಿ. ಏನೂ ಇಲ್ಲದ ಗುಳಿಗೆಯೂ ಬರೀ ಧೈರ್ಯದಿಂದ ಅಷ್ಟು ಕೆಲಸ ಮಾಡಿದೆ. ಗೋಡೆ ಚೀಟಿಯವರ ‘ಗ್ಯಾರಂಟಿ’ ಒಮ್ಮೊಮ್ಮೆ ನಿಜವಾಗೋದು ಹೀಗೆ. ಶುಗರ್ ಇರುವವರಲ್ಲಿ ಮಾತ್ರ ಫಲ ಕಡಿಮೆ. 1999ರ ಅಧ್ಯಯನದಲ್ಲಿ ಅವರಲ್ಲಿ ಶೇ 56 ಮಂದಿ ಸುಧಾರಣೆ ಕಂಡರು, ಸುಳ್ಳು ಮಾತ್ರೆಯಲ್ಲಿ ಶೇ 10.

‘ನಂಗೆ ಮಾತ್ರೆ ಹಿಡೀಲಿಲ್ಲ ಸಾರ್’ ಅಂತ ಬರುವವರನ್ನು ವೈದ್ಯರು ವಿಚಾರಿಸಿದರೆ ಹೊರಬೀಳುವ ಕಾರಣಗಳು ಹೆಚ್ಚುಕಮ್ಮಿ ಅವೇ. ಹೊಟ್ಟೆ ತುಂಬ ಬಿರಿಯಾನಿ ಹೊಡೆದು, ಎರಡು ಪೆಗ್ ಹಾಕಿ, ಮೇಲೆ ಮಾತ್ರೆ ನುಂಗಿರುತ್ತಾರೆ. ಸಿಲ್ಡೆನಾಫಿಲ್ಲನ್ನು ಖಾಲಿ ಹೊಟ್ಟೆಯಲ್ಲಿ ಅಥವಾ ಹಗುರ ಊಟದ ನಂತರ, ಸುಮಾರು ಒಂದು ಗಂಟೆ ಮುಂಚೆ ತೆಗೆದುಕೊಳ್ಳಬೇಕು. ಕೊಬ್ಬಿನ ಊಟ ಅದನ್ನು ತಡ ಮಾಡಿ ಸಪ್ಪೆ ಮಾಡುತ್ತೆ. ಇನ್ನು ಕೆಲವರು ಮಾತ್ರೆ ನುಂಗಿ ಟಿವಿ ನೋಡುತ್ತಾ ಕೂತು ‘ಏನೂ ಆಗಲಿಲ್ಲ’ ಅನ್ನುತ್ತಾರೆ. ಮಾತ್ರೆ ಆಸೆ ಹುಟ್ಟಿಸುವುದಿಲ್ಲ. ಆಸೆ ಹುಟ್ಟಿದಾಗ ತೆರೆದ ತೂಬು ಬೇಗ ಮುಚ್ಚದ ಹಾಗೆ ನೋಡಿಕೊಳ್ಳುತ್ತೆ, ಅಷ್ಟೇ. ಒಂದೇ ಸಲಕ್ಕೆ ತೀರ್ಮಾನ ಮಾಡುವವರೂ ಬಹಳ. ವೈದ್ಯರು ಹೇಳಿದ ಪ್ರಮಾಣದಲ್ಲಿ, ಸರಿಯಾದ ಕ್ರಮದಲ್ಲಿ ಆರೆಂಟು ಸಲ ನೋಡಿದ ಮೇಲೆ ಹೇಳಬೇಕಾದ ಮಾತಿದು.

ಟಾಡಾಲಾಫಿಲ್ ಬಗ್ಗೆ ಗಂಡಸರು ಹೇಳುವ ಒಳ್ಳೆ ಮಾತು ‘ಗಡಿಯಾರ ನೋಡೋದು ತಪ್ಪಿತು’ ಅನ್ನೋದು. ಸಿಲ್ಡೆನಾಫಿಲ್ ನಾಲ್ಕೈದು ಗಂಟೆ, ಇದರ ಪರಿಣಾಮ 36 ಗಂಟೆವರೆಗೂ ಇರುತ್ತೆ, ಊಟದ ಗೊಡವೆ ಇಲ್ಲ. ಐದು ಮಿಲಿಗ್ರಾಂನಂಥ ಸಣ್ಣ ಪ್ರಮಾಣದಲ್ಲಿ ದಿನಾ ಕೊಡುವುದೂ ಉಂಟು. ಪ್ರಾಸ್ಟೇಟ್ ಊದಿ ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವವರಿಗೆ ಎರಡಕ್ಕೂ ಒಂದೇ ಮಾತ್ರೆ ಆಗುತ್ತೆ. ಕೆಟ್ಟ ಮಾತು ಅಂದರೆ ಮಾರನೇ ದಿನದ ಸೊಂಟ ನೋವು, ಮೈ ಕೈ ನೋವು. ಸಿಲ್ಡೆನಾಫಿಲ್‌ನಲ್ಲಿ ತಲೆನೋವು, ಮುಖ ಬಿಸಿಯೇರಿ ಕೆಂಪಾಗುವುದು, ಮೂಗು ಕಟ್ಟುವುದು, ಎದೆಯುರಿ. ಕೆಲವರಿಗೆ ಸ್ವಲ್ಪ ಹೊತ್ತು ನೋಟ ನೀಲಿಯಾಗುತ್ತೆ. ಸಾಮಾನ್ಯವಾಗಿ ಇವು ತಾವಾಗಿಯೇ ಹೋಗುತ್ತವೆ. ಇದ್ದಕ್ಕಿದ್ದಂತೆ ಕಣ್ಣು ಕಾಣದಿದ್ದರೆ, ಕಿವಿ ಕೇಳದಿದ್ದರೆ ಮಾತ್ರ ತಕ್ಷಣ ಆಸ್ಪತ್ರೆ.

ಮಾತ್ರೆ ಹಿಡಿಸಿದವರಲ್ಲೂ ಎಷ್ಟೋ ಮಂದಿ ಕೆಲವು ತಿಂಗಳಿಗೆ ಬಿಟ್ಟುಬಿಡುತ್ತಾರೆ. ಖರ್ಚು ಒಂದು ಕಾರಣ, ‘ಹಾರ್ಟಿಗೆ ಏನಾದರೂ ಆದ್ರೆ’ ಎಂಬ ಭಯ ಇನ್ನೊಂದು. ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳೋದಿಲ್ಲ: ಹೆಂಡತಿಗೆ ತಿಳಿಸದೆ, ಬೀಗದ ಡ್ರಾಯರಿನಲ್ಲಿ ಬಚ್ಚಿಟ್ಟು ನುಂಗುವ ಮಾತ್ರೆ ಬಹಳ ದಿನ ನಡೆಯೋದಿಲ್ಲ. ವರ್ಷಗಟ್ಟಲೆ ಗಂಡ ದೂರ ಮಲಗಿದಾಗ ‘ನನ್ನ ಮೇಲೆ ಮನಸ್ಸಿಲ್ಲ’ ಅಂತಲೋ, ‘ಹೊರಗೆ ಬೇರೆ ಯಾರೋ ಇದ್ದಾರೆ’ ಅಂತಲೋ ಅಂದುಕೊಂಡಿದ್ದ ಹೆಂಡತಿಗೆ ನಿಜ ಸಂಗತಿ ತಿಳಿದಾಗ ಆಗುವುದು ಸಿಟ್ಟಲ್ಲ, ನಿರಾಳ. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಮಾತಾಡುವ ವೈದ್ಯರು ಇದನ್ನು ಮತ್ತೆ ಮತ್ತೆ ಹೇಳುತ್ತಾರೆ.

ಮೆಡಿಕಲ್ ಶಾಪಿನವರು ಕೇಳಲೇಬೇಕಾದ ಒಂದು ಪ್ರಶ್ನೆ

ಎದೆನೋವಿಗೆ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಸಾರ್ಬಿಟ್ರೇಟ್, ನೈಟ್ರೋಗ್ಲಿಸರಿನ್‌ನಂಥ ನೈಟ್ರೇಟ್ ಔಷಧಿ, ನಿಕೊರಾಂಡಿಲ್ ಬಳಸುವವರು ಈ ಮಾತ್ರೆಗಳನ್ನು ಮುಟ್ಟಬಾರದು. ಎರಡೂ ಸೇರಿದರೆ ಬಿಪಿ ಪಾತಾಳಕ್ಕೆ ಇಳಿದು ಜೀವವೇ ಹೋಗಬಹುದು. ಉಲ್ಟಾ ಕೂಡ ಅಷ್ಟೇ ನಿಜ: ರಾತ್ರಿ ಮಾತ್ರೆ ನುಂಗಿ ಬೆಳಗ್ಗೆ ಎದೆನೋವು ಬಂದವನು ಆಸ್ಪತ್ರೆಯಲ್ಲಿ ನಾಚಿಕೊಂಡು ಬಾಯಿ ಮುಚ್ಚಿಕೊಂಡರೆ, ಡ್ಯೂಟಿ ಡಾಕ್ಟರ್ ಗೊತ್ತಿಲ್ಲದೆ ನೈಟ್ರೇಟ್ ಕೊಟ್ಟುಬಿಡಬಹುದು. ಸಿಲ್ಡೆನಾಫಿಲ್ ಆದಮೇಲೆ 24 ಗಂಟೆ, ಟಾಡಾಲಾಫಿಲ್ ಆದಮೇಲೆ 48 ಗಂಟೆ ನೈಟ್ರೇಟ್ ಕೊಡುವಂತಿಲ್ಲ. ಮನೆಯವರಿಗೆ ಗೊತ್ತಿದ್ದರೆ ಅವರಾದರೂ ಹೇಳಬೇಕು. ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್ ತರದ ಮಾತ್ರೆ ತಿನ್ನುವವರಿಗೂ ತಲೆಸುತ್ತು ಬರಬಹುದು, ಅವರು ಕೇಳಿಯೇ ಶುರು ಮಾಡಬೇಕು.

ಇವು ಚೀಟಿಯಿಲ್ಲದೆ ಕೊಡುವ ಔಷಧಿಯಲ್ಲ, ಶೆಡ್ಯೂಲ್ ಹೆಚ್‌ಗೆ ಸೇರಿದವು. ಆದರೂ ಕೌಂಟರಿನಲ್ಲಿ ಜನ ಕಡಿಮೆಯಾಗೋವರೆಗೆ ಕಾದು, ದನಿ ತಗ್ಗಿಸಿ ‘ಒಂದು ಕೊಡಿ ಅಣ್ಣ’ ಅನ್ನುವ ಗಿರಾಕಿ ಎಲ್ಲಾ ಊರಲ್ಲೂ ಇದ್ದಾನೆ. ಕತ್ತರಿಯಲ್ಲಿ ಕತ್ತರಿಸಿ ಒಂದು ಮಾತ್ರೆ ಕೊಟ್ಟು ಕಳಿಸೋ ಅಂಗಡಿಯೂ ಇದೆ. ‘ಎದೆನೋವಿಗೆ ಏನಾದ್ರೂ ತಗೋತೀರಾ’ ಎಂಬ ಒಂದು ಪ್ರಶ್ನೆ ಕೇಳಿ, ಚೀಟಿ ತರಿಸಿದರೆ ವ್ಯಾಪಾರ ಕೆಡೋದಿಲ್ಲ. ಇನ್ನು ಪಾನ್ ಅಂಗಡಿ, ಡಾಬಾ, ಕಿರಾಣಿ ಅಂಗಡಿಗಳಲ್ಲಿ ‘ಪವರ್ ಕ್ಯಾಪ್ಸೂಲ್’ ಅಂತ ನೇತು ಹಾಕಿರೋದರ ಬಗ್ಗೆ ಹೇಳೋದಾದರೆ, ಔಷಧಿ ಮಾರಲು ಲೈಸೆನ್ಸ್ ಇಲ್ಲದವರು ಇಂಥ ಮಾತ್ರೆ ಮಾರುವುದು 1940ರ ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಕಾಯ್ದೆ ಪ್ರಕಾರ ಅಪರಾಧ. ಸಪ್ಲೈ ಮಾಡಿದವನು ಕೇಸಿನ ದಿನ ಸಿಗೋದಿಲ್ಲ.

ಪುಡಿ, ಲೇಹ್ಯ, ಶಿಲಾಜಿತ್

ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣ ಒಂದು. ಅಶ್ವಗಂಧ, ಸಫೇದ್ ಮುಸಲಿ, ನಸುಗುನ್ನಿ ಬೀಜ ಎಲ್ಲವೂ ಅದರ ಪರಂಪರೆಯಲ್ಲಿವೆ. ಓದಿದ ಆಯುರ್ವೇದ ವೈದ್ಯರ ಹತ್ತಿರ ಹೋದವರು ನಿದ್ದೆ ಸುಧಾರಿಸಿತು, ಗಾಬರಿ ಕಡಿಮೆಯಾಯಿತು, ಸ್ವಲ್ಪ ಹುರುಪು ಬಂತು ಅಂತ ಹೇಳುವುದುಂಟು. ಕಟ್ಟಿಕೊಂಡ ರಕ್ತನಾಳವನ್ನು ಇವು ಬಿಡಿಸುತ್ತವೆ ಅನ್ನೋದಕ್ಕೆ ಪುರಾವೆ ಇಲ್ಲ. ಅಶ್ವಗಂಧ ಹೆಚ್ಚಾಗಿ ಲಿವರ್ ಕೆಟ್ಟ ಪ್ರಕರಣಗಳೂ ವರದಿಯಾಗಿವೆ.

ಬೀದಿ ಬದಿ ಟೆಂಟಿನ ಪುಡಿ ಬೇರೆಯೇ ಕಥೆ. ‘ಪಕ್ಕಾ ಗಿಡಮೂಲಿಕೆ, ಅರ್ಧ ಗಂಟೆಯಲ್ಲಿ ಕೆಲಸ’ ಅಂದರೆ ಅನುಮಾನ ಪಡಬೇಕು. ಗಿಡಮೂಲಿಕೆ ಹೆಸರಿನ ಇಂಥ ಪೊಟ್ಟಣಗಳಲ್ಲಿ ಗುಟ್ಟಾಗಿ ಸಿಲ್ಡೆನಾಫಿಲ್ ಬೆರೆಸಿರುವುದನ್ನು ಅಮೆರಿಕದ ಔಷಧ ಇಲಾಖೆ ವರ್ಷ ವರ್ಷವೂ ಹಿಡಿದು ಎಚ್ಚರಿಸುತ್ತಿದೆ. ಹಾರ್ಟಿನ ಔಷಧಿ ತಿನ್ನುವವನು ‘ಇದು ನಾಟಿ ಔಷಧಿ, ಏನಾಗುತ್ತೆ’ ಅಂದುಕೊಂಡು ನುಂಗಿದರೆ ಮೇಲೆ ಹೇಳಿದ ಅಪಾಯವೇ ಬಂತು. ಭಸ್ಮಗಳಲ್ಲಿ ಸೀಸ, ಪಾದರಸ ಇದ್ದರೆ ಕಿಡ್ನಿಗೆ ಪೆಟ್ಟು.

ಮೋಸದ ಪ್ರಮಾಣ ಎಷ್ಟಿರಬಹುದು ಅನ್ನೋದಕ್ಕೆ 2025ರ ನವೆಂಬರ್‌ನಲ್ಲಿ ಬೆಂಗಳೂರಿನ ಪೊಲೀಸರಿಗೆ ಬಂದ ದೂರೊಂದು ಸಾಕು. ರಸ್ತೆ ಬದಿ ಟೆಂಟ್ ಹಾಕಿದ್ದ ‘ಗುರೂಜಿ’ ಗ್ರಾಂ ಲೆಕ್ಕದಲ್ಲಿ ಮೂಲಿಕೆ ಕೊಡಿಸಿ ಸುಮಾರು 48 ಲಕ್ಷ ರೂಪಾಯಿ ಕಿತ್ತುಕೊಂಡ, ಕೊನೆಗೆ ಕಿಡ್ನಿಗೂ ತೊಂದರೆಯಾಯಿತು ಎಂದು ದೂರು ಕೊಟ್ಟವರು ಸಾಫ್ಟ್‌ವೇರ್ ಉದ್ಯೋಗಿ. ಓದಿದವರು ಬೀಳಲ್ಲ ಅನ್ನೋ ಮಾತು ಅಲ್ಲಿಗೆ ಮುಗಿಯಿತು.

ಅಂದ ಹಾಗೆ ಗೋಡೆ ಚೀಟಿಯೇ ಕಾನೂನುಬಾಹಿರ. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಲೈಂಗಿಕ ಶಕ್ತಿ ಹೆಚ್ಚಿಸುವ ಔಷಧಿಯ ಜಾಹೀರಾತನ್ನೇ ನಿಷೇಧಿಸಿದೆ. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ಮತ್ತೆ ಮಾಡಿದರೆ ಒಂದು ವರ್ಷದವರೆಗೆ. ಕಾಯ್ದೆಗೆ ಎಪ್ಪತ್ತು ವರ್ಷ ದಾಟಿತು, ಚೀಟಿಯ ಅಂಟು ಇನ್ನೂ ಆರಿಲ್ಲ.

ಮನಸ್ಸಿನ ತೊಂದರೆಯಾದರೆ

ಇಪ್ಪತ್ತೈದು ಮೂವತ್ತರ ಹುಡುಗರಲ್ಲಿ ಹೆಚ್ಚಾಗಿ ಕಾಣೋದು ಇದು. ಮದುವೆಯ ಮೊದಲ ರಾತ್ರಿ ಸುಸ್ತು, ಮನೆ ತುಂಬ ನೆಂಟರು, ಆಗಲಿಲ್ಲ. ಮಾರನೇ ದಿನ ‘ಇವತ್ತೂ ಆಗದಿದ್ರೆ’ ಎಂಬ ಭಯಕ್ಕೇ ಆಗಲಿಲ್ಲ. ವಾರ ಕಳೆಯುವಷ್ಟರಲ್ಲಿ ಅವನೇ ತನಗೆ ಕಾಯಿಲೆ ಅಂತ ತೀರ್ಪು ಕೊಟ್ಟುಕೊಂಡಿರುತ್ತಾನೆ. ‘ಧಾತು ಹೋಗ್ತಿದೆ, ಹಸ್ತಮೈಥುನ ಮಾಡಿ ನರ ಸತ್ತಿದೆ’ ಎಂಬ ಹಳೇ ಭಯವೂ ಸೇರಿಕೊಳ್ಳುತ್ತೆ. ಈ ಭಯಕ್ಕೆ ಮನೋವೈದ್ಯ ಎನ್.ಎನ್. ವಿಗ್ 1960ರಲ್ಲೇ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ವೀರ್ಯ ಹೋದರೆ ನರ ಸಾಯುವುದಿಲ್ಲ. ಮಕ್ಕಳಾಗಿಲ್ಲವೆಂದು ‘ಇದೇ ದಿನ ಸೇರಬೇಕು’ ಅಂತ ತಾರೀಕು ಹಿಡಿದುಕೊಂಡ ದಂಪತಿಯಲ್ಲೂ ಇದೇ ಪರೀಕ್ಷೆ ಭಯ.

ಗುರುತಿಸೋಕೆ ಒಂದು ಸುಳಿವಿದೆ. ಬೆಳಗ್ಗೆ ಏಳುವಾಗ ಅಥವಾ ಒಬ್ಬನೇ ಇದ್ದಾಗ ಚೆನ್ನಾಗಿ ನಿಮಿರುತ್ತೆ, ಜೊತೆಯಲ್ಲಿದ್ದಾಗ ಮಾತ್ರ ಆಗಲ್ಲ ಅಂದರೆ ನಾಳ, ನರ ಬಹುಮಟ್ಟಿಗೆ ಸರಿಯಿವೆ. ಇಂಥವರಿಗೆ ಆಪ್ತಸಮಾಲೋಚನೆಯೇ ಮುಖ್ಯ ಚಿಕಿತ್ಸೆ, ಬೇಕಾದರೆ ಧೈರ್ಯಕ್ಕೆ ಸ್ವಲ್ಪ ದಿನ ಮಾತ್ರೆ. ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ ಜೋಡಿ 1970ರಲ್ಲಿ ಹೇಳಿಕೊಟ್ಟ ಕ್ರಮ ಇಂದಿಗೂ ಚಾಲ್ತಿಯಲ್ಲಿದೆ: ಕೆಲವು ವಾರ ಸಂಭೋಗವೇ ಬೇಡ ಅಂತ ನಿರ್ಬಂಧ ಹಾಕಿ, ಬರೀ ಮುಟ್ಟುವಿಕೆ, ಮಾತು. ‘ಆಗಲೇಬೇಕು’ ಎಂಬ ಒತ್ತಡ ತೆಗೆದಾಗ ಆಗತೊಡಗುತ್ತೆ.

ಮಾತ್ರೆ ಸಾಲದಿದ್ದರೆ

ವ್ಯಾಕ್ಯೂಮ್ ಪಂಪು ಅಂದರೆ ಪ್ಲಾಸ್ಟಿಕ್ ಕೊಳವೆ, ಗಾಳಿ ಎಳೆಯುವ ಪಂಪು, ಬುಡಕ್ಕೆ ಹಾಕುವ ರಬ್ಬರ್ ರಿಂಗು. ಔಷಧಿ ಬೇಡ, ಒಮ್ಮೆ ಕೊಂಡರೆ ಸಾಕು. ಬಳಸಿದವರ ತಕರಾರು: ಶಿಶ್ನ ತಣ್ಣಗಾಗುತ್ತೆ, ನೀಲಿಗಟ್ಟುತ್ತೆ, ಬುಡದಲ್ಲಿ ಸಡಿಲವಾಗಿ ಆಡುತ್ತೆ, ವೀರ್ಯ ಹೊರಬರಲು ತಡೆಯಾಗುತ್ತೆ. ರಿಂಗನ್ನು 30 ನಿಮಿಷಕ್ಕಿಂತ ಹೆಚ್ಚು ಇಡಬಾರದು. ರಕ್ತ ತೆಳುವಾಗೋ ಮಾತ್ರೆ ತಿನ್ನುವವರು ಕೇಳಿ ಬಳಸಬೇಕು. ಬಹಳ ವರ್ಷ ಜೊತೆಯಾಗಿ ಬಾಳಿದ, ಹೊಂದಾಣಿಕೆಯಿರುವ ದಂಪತಿಗೆ ಇದು ಒಗ್ಗಿದಷ್ಟು ಹೊಸ ಮದುವೆಯವರಿಗೆ ಒಗ್ಗೋದಿಲ್ಲ.

ಇಂಜೆಕ್ಷನ್ ಅಂದ ಕೂಡಲೇ ಎಲ್ಲರೂ ಹೆದರುತ್ತಾರೆ, ಅದೂ ಆ ಜಾಗಕ್ಕೆ! ಇದರ ಇತಿಹಾಸ ಸ್ವಾರಸ್ಯದ್ದು. ಫ್ರಾನ್ಸಿನ ಸರ್ಜನ್ ವಿರಾಗ್ 1982ರಲ್ಲಿ ಪಾಪಾವೆರಿನ್ ಔಷಧಿಯಿಂದ ಹೀಗಾಗುತ್ತೆ ಎಂದು ಬರೆದರು. 1983ರಲ್ಲಿ ಬ್ರಿಟನ್ನಿನ ಗೈಲ್ಸ್ ಬ್ರಿಂಡ್ಲಿ ಲಾಸ್ ವೇಗಸ್‌ನ ಯೂರಾಲಜಿ ಸಮ್ಮೇಳನಕ್ಕೆ ತಾವೇ ಇಂಜೆಕ್ಷನ್ ಚುಚ್ಚಿಕೊಂಡು ಬಂದು, ಭಾಷಣದ ನಡುವೆ ವೇದಿಕೆಯಲ್ಲೇ ಪರಿಣಾಮ ತೋರಿಸಿದರು. ಸಭಿಕರಲ್ಲಿ ಹೆಂಗಸರೂ ಇದ್ದರು. ಆ ಭಾಷಣವನ್ನು ಯೂರಾಲಜಿಸ್ಟ್‌ಗಳು ಇಂದಿಗೂ ನೆನಪಿಸಿಕೊಳ್ಳುತ್ತಾರೆ. ಈಗ ಆಲ್ಪ್ರೊಸ್ಟಾಡಿಲ್ ಮುಂತಾದವನ್ನು ಬಳಸುತ್ತಾರೆ. ಸೂಜಿ ಬಹಳ ಸಣ್ಣದು, ಹತ್ತು ಹದಿನೈದು ನಿಮಿಷದಲ್ಲಿ ಕೆಲಸ. ಮಾತ್ರೆ ಹಿಡಿಯದ ಶುಗರಿನವರಲ್ಲೂ ಪ್ರಾಸ್ಟೇಟ್ ಕ್ಯಾನ್ಸರ್ ಆಪರೇಷನ್ ಆದವರಲ್ಲೂ ಚೆನ್ನಾಗಿ ಕೆಲಸ ಮಾಡುತ್ತೆ. ಮೊದಲ ಡೋಸು ಆಸ್ಪತ್ರೆಯಲ್ಲೇ ಆಗಬೇಕು. ನಾಲ್ಕು ಗಂಟೆಯಾದರೂ ಇಳಿಯದಿದ್ದರೆ, ಅರ್ಧ ರಾತ್ರಿಯಾದರೂ ಸರಿ, ಎಮರ್ಜೆನ್ಸಿಗೆ ಹೋಗಬೇಕು. ನಾಚಿಕೊಂಡು ಬೆಳಗಾಗಲಿ ಅಂತ ಕಾದರೆ ಒಳಗಿನ ಸ್ನಾಯು ಸತ್ತು ಶಾಶ್ವತವಾಗಿ ಕೆಡುತ್ತೆ.

ಕೊನೆಯದು ಇಂಪ್ಲಾಂಟ್ ಆಪರೇಷನ್. ಒಂದು ಬಗೆಯಲ್ಲಿ ಬಗ್ಗಿಸಬಹುದಾದ ಎರಡು ಕಡ್ಡಿ, ಇನ್ನೊಂದರಲ್ಲಿ ವೃಷಣದ ಚೀಲದಲ್ಲಿ ಕೂತ ಪಂಪು ಒತ್ತಿ ನೀರು ತುಂಬಿಸೋ ಕೊಳವೆ. ಈ ಎರಡನೆಯದು ಅಮೆರಿಕದಲ್ಲಿ 1973ರಿಂದ ಇದೆ, ಖರ್ಚು ಲಕ್ಷಗಳಲ್ಲಿ. ಕಡ್ಡಿಯದು ಅಗ್ಗ, ಆದರೆ ಸದಾ ಗಡುಸಾಗೇ ಇರುವುದರಿಂದ ಪಂಚೆ, ಪ್ಯಾಂಟಿನೊಳಗೆ ಮುಜುಗರ. ಸ್ಪರ್ಶಸುಖ, ಸ್ಖಲನ ಮೊದಲಿನಂತೆಯೇ ಇರುತ್ತೆ. ಉದ್ದ ಕಡಿಮೆಯಾಯಿತು ಎಂಬ ದೂರು ಇದ್ದರೂ, ಎಲ್ಲಾ ಚಿಕಿತ್ಸೆಗಳಲ್ಲಿ ‘ತೃಪ್ತಿಯಿದೆ’ ಅನ್ನುವವರು ಹೆಚ್ಚು ಸಿಗೋದು ಇದರಲ್ಲೇ. ಆದರೆ ಹಿಂದಕ್ಕೆ ದಾರಿಯಿಲ್ಲ. ಒಮ್ಮೆ ಹಾಕಿಸಿ ತೆಗೆಸಿದರೆ ಆಮೇಲೆ ಮಾತ್ರೆ, ಇಂಜೆಕ್ಷನ್ ಸಾಮಾನ್ಯವಾಗಿ ಫಲಿಸುವುದಿಲ್ಲ. ಸೋಂಕಾದರೆ ತೆಗೆಯಲೇಬೇಕು, ಹಾಗಾಗಿ ಶುಗರ್ ಹತೋಟಿಗೆ ಬರದೆ ಒಳ್ಳೆ ಸರ್ಜನ್ ಕೈ ಹಾಕೋದಿಲ್ಲ.

ಸಿಟಿಗಳಲ್ಲಿ ಶಾಕ್‌ವೇವ್, ಪಿಆರ್‌ಪಿ ಅಂತ ದೊಡ್ಡ ಪ್ಯಾಕೇಜ್ ಹೇಳುತ್ತಾರೆ. ಎರಡೂ ಇನ್ನೂ ಪ್ರಯೋಗದ ಹಂತದವು. ಎಮ್ಮೆ ಮಾರಿ ಮಾಡಿಸುವಂಥದ್ದಲ್ಲ. ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಬೇಕಾಗೋದು ಬೆಳಗಿನ ಹೊತ್ತು ಎರಡು ಸಲ ರಕ್ತ ಪರೀಕ್ಷೆ ಮಾಡಿ ಹಾರ್ಮೋನು ಕಡಿಮೆ ಅಂತ ಖಚಿತವಾದವರಿಗೆ ಮಾತ್ರ. ಮಕ್ಕಳು ಬೇಕೆನ್ನುವವರು ಇದನ್ನು ಚುಚ್ಚಿಸಿಕೊಂಡರೆ ವೀರ್ಯಾಣು ಕಡಿಮೆಯಾಗುತ್ತೆ. ಜಿಮ್‌ನಲ್ಲಿ ಯಾರೋ ಕೊಟ್ಟರು ಅಂತ ಚುಚ್ಚಿಸಿಕೊಳ್ಳುವ ಹುಡುಗರಿಗೆ ಇದು ಗೊತ್ತಿರೋದಿಲ್ಲ.

ನಡಿಗೆಯನ್ನು ಯಾರೂ ಚಿಕಿತ್ಸೆ ಅಂತ ಎಣಿಸೋದಿಲ್ಲ, ಆದರೆ ಲೆಕ್ಕ ಬೇರೆ ಹೇಳುತ್ತೆ. 2004ರಲ್ಲಿ ಇಟಲಿಯ ವೈದ್ಯರು ಬೊಜ್ಜಿದ್ದ 110 ಗಂಡಸರ ಮೇಲೆ ಎರಡು ವರ್ಷ ನಡೆಸಿದ ಅಧ್ಯಯನ ಪ್ರಕಟಿಸಿದರು. ತೂಕ ಇಳಿಸಿ ವ್ಯಾಯಾಮ ಮಾಡಿದ ಗುಂಪಿನಲ್ಲಿ ಮೂರರಲ್ಲಿ ಸುಮಾರು ಒಂದು ಭಾಗ ಮಾತ್ರೆಯಿಲ್ಲದೆಯೇ ಸರಿಹೋದರು. ವಾರಕ್ಕೆ ನಾಲ್ಕು ದಿನ, 40 ನಿಮಿಷ, ಬೆವರು ಬರುವಷ್ಟು ನಡಿಗೆ, ಆರು ತಿಂಗಳು. ಬೀಡಿ ಬಿಟ್ಟರೆ ಇನ್ನೂ ಒಳ್ಳೆಯದು.

ಎಲ್ಲಿಗೆ ಹೋಗಬೇಕು

ಮೊದಲ ಹೆಜ್ಜೆಗೆ ಬೆಂಗಳೂರು ಬೇಡ. ತಾಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್ಕಿನಲ್ಲಿ ಬಿಪಿ, ಶುಗರ್ ನೋಡುತ್ತಾರೆ. ಚೀಟಿ ಕೌಂಟರಿನಲ್ಲಿ ‘ಶುಗರ್ ತೋರಿಸಬೇಕು’ ಅಂದರೆ ಸಾಕು, ಉಳಿದದ್ದನ್ನು ಡಾಕ್ಟರ್ ಮುಂದೆ ಬಾಗಿಲು ಹಾಕಿಸಿ ಹೇಳಬಹುದು. ಕೊಲೆಸ್ಟ್ರಾಲ್, ಬೇಕಾದರೆ ಹಾರ್ಮೋನು ಪರೀಕ್ಷೆ, ಎದೆ ಭಾರ ಅಥವಾ ಮೆಟ್ಟಿಲು ಹತ್ತಿದರೆ ಏದುಸಿರು ಇದ್ದರೆ ಇಸಿಜಿ. ಮುಂದೆ ಬೇಕಾದವರಿಗೆ ಜಿಲ್ಲಾ ಆಸ್ಪತ್ರೆ ಅಥವಾ ಮೆಡಿಕಲ್ ಕಾಲೇಜಿನ ಯೂರಾಲಜಿ ವಿಭಾಗ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ್ದೇ ನೆಫ್ರೋ ಯೂರಾಲಜಿ ಸಂಸ್ಥೆಯಿದೆ. ಮನಸ್ಸಿನ ಗಾಬರಿಯೇ ಮುಖ್ಯ ಅನಿಸಿದವರು ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಹೋಗುವಾಗ ಈಗ ತಿನ್ನುತ್ತಿರುವ ಎಲ್ಲಾ ಮಾತ್ರೆಗಳ ಖಾಲಿ ಪಟ್ಟಿ ತೆಗೆದುಕೊಂಡು ಹೋಗಿ. ಯಾರೋ ಕೊಟ್ಟ ಪುಡಿಯ ಪೊಟ್ಟಣವಿದ್ದರೆ ಅದನ್ನೂ ಬಚ್ಚಿಡಬೇಡಿ, ಮೇಜಿನ ಮೇಲೆ ಇಡಿ.